ಮಿದುಳಿನ ಕಾಲುವೆಗಳು

ಸುಗಟೂರೆಂದರೆ ಇತಿಹಾಸ ಓದಿದವರಿಗೆ ತಮ್ಮೇಗೌಡರ ನೆನಪಾಗುತ್ತದೆ. ವಿಜಯನಗರದ ಅರಸರಿಂದ ಚಿಕ್ಕರಾಯನೆಂಬ ಬಿರುದು ಪಡೆದು, ಹೊಸಕೋಟೆಯನ್ನು ಕಟ್ಟಿ, ಕೋಲಾರದ ಸೀಮೆಯನ್ನಾಳಿದ ಮನೆತನ ಅದು. ೧೬೩೮ರ ಬಿಜಾಪುರದ ದಂಡಯಾತ್ರೆಯ ಬಳಿಕ ಆ ಸೀಮೆ ಕೈತಪ್ಪಿ ಷಹಾಜಿಯ ಜಹಗೀರಿಗೆ ಸೇರಿತು. ನನಗೆ ಮಾತ್ರ ಆ ಊರಿನ ಹೆಸರು ಕೇಳಿದೊಡನೆ ಕಣ್ಣ ಮುಂದೆ ಬರುವುದು ನನ್ನ ಸೋದರಮಾವನವರ ಬಲಗೈ.

ಒಂದು ಬೆಳಗ್ಗೆ ಮಾವನವರು ಊಟಕ್ಕೆ ಕುಳಿತಿದ್ದಾಗ ಮುದ್ದೆಯ ತುತ್ತು ಕೈಯಿಂದ ಜಾರಿ ಬಿತ್ತು. ಮಾತು ತೊದಲಿತು. ಕಾಲುಗಂಟೆಯಲ್ಲಿ ಎಲ್ಲವೂ ಸರಿಹೋಯಿತು. “ಗಾಳಿ ಸೋಕಿರಬೇಕು” ಎಂದು ಹಿರಿಯರು ಎಣ್ಣೆ ತಿಕ್ಕಿಸಿದರು, ನಾವೂ ಸುಮ್ಮನಾದೆವು. ತಿಂಗಳೊಳಗೆ ಬಲಭಾಗವೆಲ್ಲ ಬಿದ್ದುಹೋಯಿತು. ಆಮೇಲೆ ವೈದ್ಯರು ತೋರಿಸಿದ ಚಿತ್ರದಲ್ಲಿ, ತಲೆಬುರುಡೆಯ ಒಳಗಿನ ಒಂದು ಧಮನಿ ಹೂಳು ತುಂಬಿದ ತೂಬಿನಂತೆ ಕಿರಿದಾಗಿತ್ತು. ಆ ಕಾಲುಗಂಟೆ ಗಾಳಿಯದಲ್ಲ, ಮುನ್ಸೂಚನೆಯದು. ಆಗಲೇ ಆಸ್ಪತ್ರೆಗೆ ಓಡಬೇಕಾಗಿತ್ತೆಂದು ನಮಗೆ ತಿಳಿದದ್ದು ಹೀಗೆ.

ಈ ತಿಳಿವಳಿಕೆಗೂ ದೊಡ್ಡ ಚರಿತ್ರೆಯುಂಟು. ಸುಗಟೂರಿನವರು ಕೋಲಾರವನ್ನು ಕಳೆದುಕೊಂಡು ಇಪ್ಪತ್ತು ವರ್ಷಗಳಾಗುವಷ್ಟರಲ್ಲಿ, ೧೬೫೮ರಲ್ಲಿ, ಸ್ವಿಟ್ಜರ್ಲೆಂಡಿನ ವೆಪ್ಫರ್ ಎಂಬ ವೈದ್ಯ ಪಾರ್ಶ್ವವಾಯುವಿನಿಂದ ಸತ್ತವರ ತಲೆಯನ್ನು ಬಿಚ್ಚಿ ನೋಡಿ, ಮಿದುಳಿನಲ್ಲಿ ರಕ್ತ ಸೋರಿದ್ದನ್ನೂ ರಕ್ತದ ದಾರಿ ಕಟ್ಟಿಕೊಳ್ಳಬಹುದೆಂಬುದನ್ನೂ ಬರೆದಿಟ್ಟ. ೧೬೬೪ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಮಿದುಳಿನ ಬುಡದಲ್ಲಿ ಧಮನಿಗಳು ಒಂದಕ್ಕೊಂದು ಕೂಡಿ ಬಳೆಯಾಗಿರುವುದನ್ನು ವರ್ಣಿಸಿದ. ಒಂದು ಕಾಲುವೆ ಕಟ್ಟಿದರೆ ಇನ್ನೊಂದರಿಂದ ನೀರು ಹಾಯಿಸುವ ನಮ್ಮ ನೀರುಗಂಟಿಯ ಜಾಣತನವೇ ಅದು. ಆದರೆ ಬಳೆಯಿಂದ ಮುಂದೆ ಹೊರಟ ಧಮನಿ ಕಟ್ಟಿದರೆ ಆ ಜಾಣತನ ಅಷ್ಟಾಗಿ ಸಾಗದು.

ಹೂಳು ಹೇಗೆ ಸೇರುತ್ತದೆಂಬುದರ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಜಗಳವೇ ನಡೆಯಿತು. ರಕ್ತದಿಂದ ಬಂದು ಅಂಟಿಕೊಂಡದ್ದೆಂದು ವಿಯೆನ್ನಾದ ರೊಕಿಟಾನ್ಸ್ಕಿ. ಅಲ್ಲ, ಧಮನಿಯ ಗೋಡೆಯೇ ಉರಿಯೂತದಿಂದ ಬಾತುಕೊಂಡದ್ದೆಂದು ಬರ್ಲಿನ್ನಿನ ಫಿರ್ಷೋ. ಇಬ್ಬರಲ್ಲಿಯೂ ಸತ್ಯವಿತ್ತೆಂದು ಈಗ ಕಾಣುತ್ತದೆ. ಹೊಟ್ಟೆಯ ಸುತ್ತ ಸೇರಿದ ಮೇದಸ್ಸು ಸುಮ್ಮನೆ ಕುಳಿತಿರುವುದಿಲ್ಲ. ಉರಿಯೂತವನ್ನು ಹೆಚ್ಚಿಸುವ ದ್ರವ್ಯಗಳನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಕೆಲಸ ಮಾಡದಂತೆ ಅಡ್ಡಿಮಾಡುತ್ತದೆ. ಸಕ್ಕರೆ, ರಕ್ತದೊತ್ತಡ, ಕೊಬ್ಬು ಮೂರೂ ಏರುತ್ತವೆ. ಆ ಕೊಬ್ಬು ಧಮನಿಯ ಗೋಡೆಯೊಳಗೆ ಹೊಕ್ಕಾಗ ಅದನ್ನು ನುಂಗಲು ಬಂದ ರಕ್ಷಕಕಣಗಳೇ ಉಬ್ಬಿ ಅಲ್ಲಿ ಗಡ್ಡೆಯಾಗುತ್ತವೆ. ೨೦೧೭ರಲ್ಲಿ ಪ್ರಕಟವಾದ ಕ್ಯಾಂಟೋಸ್ ಪರೀಕ್ಷೆಯಲ್ಲಿ, ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಕೊಬ್ಬನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸಿದಾಗ ಹೃದಯಾಘಾತಗಳು ಕಡಮೆಯಾದವು. ಆದರೆ ಸೋಂಕಿನ ಸಾವು ತುಸು ಹೆಚ್ಚಿತು. ಫಿರ್ಷೋ ಗೆದ್ದ, ಆದರೆ ಬೆಲೆ ತೆತ್ತು ಗೆದ್ದ.

ಕಿರಿದಾದ ಧಮನಿಯನ್ನು ಜಾಲರಿಯ ನಳಿಗೆಯಿಟ್ಟು ಅಗಲಿಸಿದರಾಯಿತೆಂದು ಯಾರಿಗಾದರೂ ತೋಚುವುದು ಸಹಜ. ೨೦೧೧ರಲ್ಲಿ ಅಮೆರಿಕದಲ್ಲಿ ೪೫೧ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದಾಗ, ನಳಿಗೆ ಹಾಕಿಸಿಕೊಂಡವರಲ್ಲಿ ತಿಂಗಳೊಳಗೆ ಶೇಕಡ ೧೪.೭ ಮಂದಿಗೆ ಮತ್ತೆ ಪಾರ್ಶ್ವವಾಯು ಅಥವಾ ಸಾವು. ಔಷಧ, ಪಥ್ಯ, ನಡಿಗೆಗಳನ್ನೇ ಕಟ್ಟುನಿಟ್ಟಾಗಿ ನಡೆಸಿದವರಲ್ಲಿ ಶೇಕಡ ೫.೮. ಮಾವನವರ ಮಗ ಹೊಲ ಮಾರಿಯಾದರೂ ನಳಿಗೆ ಹಾಕಿಸುತ್ತೇನೆಂದು ಹಟ ಹಿಡಿದಿದ್ದಾಗ ವೈದ್ಯರು ತಡೆದದ್ದು ಈ ಲೆಕ್ಕವನ್ನು ಹೇಳಿಯೇ.

ಪಾಶ್ಚಾತ್ಯರಲ್ಲಿ ಕುತ್ತಿಗೆಯ ಧಮನಿ ಕಿರಿದಾಗುವುದು ಹೆಚ್ಚು. ಏಷ್ಯದವರಲ್ಲಿ ತಲೆಬುರುಡೆಯ ಒಳಗಿನದು. ಇದಕ್ಕೆ ಕಾರಣ ಒಂದೇ ಅಲ್ಲ. ನಮ್ಮ ಸೀಮೆಯ ಮಟ್ಟಿಗೆ ಚರಿತ್ರೆಯನ್ನೂ ಮರೆಯಬಾರದೆಂದು ನನಗನಿಸುತ್ತದೆ. ಧಾತು ಸಂವತ್ಸರದಲ್ಲಿ ಆರಂಭವಾದ ೧೮೭೬–೭೮ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಅಂಥ ನಾಡಿನ ಮೊಮ್ಮಕ್ಕಳು ರಾಗಿ ಬಿಟ್ಟು ಪಾಲಿಷ್ ಅಕ್ಕಿಗೆ, ಕಪಿಲೆ ಬಿಟ್ಟು ಮೋಟಾರ್ ಪಂಪಿಗೆ ಬಂದರು. ಮಾವನವರ ಕೈಕಾಲು ಕೊನೆಯವರೆಗೂ ತೆಳ್ಳಗೇ ಇದ್ದವು. ಬೆಳೆದದ್ದು ಹೊಟ್ಟೆ ಮಾತ್ರ. ಸ್ಥೂಲನಲ್ಲವೆಂದು ನಾವೆಲ್ಲ ನೆಮ್ಮದಿಯಾಗಿದ್ದೆವು! ಸುಖವಾಗಿ ಕುಳಿತಿರುವುದು, ನಿದ್ದೆ, ಮೊಸರು, ಹೊಸ ಧಾನ್ಯ, ಬೆಲ್ಲ, ಇವು ಪ್ರಮೇಹಕ್ಕೆ ಕಾರಣವೆಂದು ಚರಕ ಎಂದೋ ಹೇಳಿಟ್ಟಿದ್ದ. ಕಪಿಲೆ ಹೊಡೆಯುವವನಿಗೆ ಆ ಮಾತು ತಾಕಿರಲಿಲ್ಲ, ಅವನ ಮಗನಿಗೆ ತಾಕಿತು.

ಸುಗಟೂರಿಗೆ ನೆರೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ೨೦೧೮ರಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ಒಂದು ದೀರ್ಘ ಅಧ್ಯಯನವನ್ನು ಕೈಗೊಂಡಿದ್ದಾರೆ. ೪೫ ವರ್ಷ ದಾಟಿದ ಹತ್ತು ಸಾವಿರ ಹಳ್ಳಿಗರನ್ನು ಸೇರಿಸಿಕೊಂಡು, ಅವರ ರಕ್ತ, ನೆನಪು, ಮಿದುಳಿನ ಚಿತ್ರ ಎಲ್ಲವನ್ನೂ ವರ್ಷವರ್ಷವೂ ಹಿಂಬಾಲಿಸುವ ಉದ್ದೇಶ ಅವರದು. ಮಾವಿನ ತೋಪುಗಳ ನಡುವಿನ ಊರುಗಳಿಂದ ರೈತರು ಬೆಂಗಳೂರಿಗೆ ಹೋಗಿ ಆ ಯಂತ್ರದೊಳಗೆ ಮಲಗಿ ಬರುತ್ತಾರೆ. ರೋಗ ಬಿದ್ದ ಮೇಲೆ ಚಿತ್ರ ತೆಗೆಯುವುದಲ್ಲ, ಬೀಳುವುದಕ್ಕೆ ಮುಂಚೆಯೇ ತೆಗೆದಿಡುವುದು. ಸುಗಟೂರು ಕೋಲಾರ ತಾಲ್ಲೂಕಿಗೆ ಸೇರಿದ್ದು. ಮಾವನವರ ಹೆಸರು ಆ ಪಟ್ಟಿಯಲ್ಲಿಲ್ಲ.