ಎಣಿಕೆಯಲ್ಲಿ ನಮ್ಮ ತುಮಕೂರು ಸೀಮೆ

ನಮ್ಮ ತುಮಕೂರು ಜಿಲ್ಲೆಯ ವಯಸ್ಸೆಷ್ಟೆಂದು ಮಕ್ಕಳು ಕೇಳಿದರೆ ಏನು ಹೇಳುವಿರಿ? ಊರುಗಳು ಪುರಾತನವಾದವು, ಜಿಲ್ಲೆ ಮಾತ್ರ ಈಚಿನದು. 1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನರರ ಕೈಸೇರಿದ ಬಳಿಕ ರಾಜ್ಯವನ್ನು ನಾಲ್ಕು ವಿಭಾಗಗಳಾಗಿ ಹಂಚಲಾಯಿತು. ನಮ್ಮ ಸೀಮೆ ಚಿತ್ರದುರ್ಗ ವಿಭಾಗಕ್ಕೆ ಸೇರಿತು. ಆದರೆ ಅದರ ಮೇಲಧಿಕಾರಿ ಡಾಬ್ಸ್ ವಾಸವಾಗಿದ್ದುದು ತುಮಕೂರಿನಲ್ಲಿಯೇ. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ನೀವು ದಾಟುವ ಡಾಬಸ್‌ಪೇಟೆ ಆತನ ಹೆಸರನ್ನೇ ಹೊತ್ತಿದೆ. ಅದೇ ಕಾಲದಲ್ಲಿ, 1837ರಲ್ಲಿ, ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಕೆಲಸ ಆರಂಭವಾಯಿತು. 1862-63ರಲ್ಲಿ ಕಮಿಷನರ್ ಬೌರಿಂಗ್ ಆಡಳಿತವನ್ನು ಮರುವಿಂಗಡಿಸಿದಾಗ ತುಮಕೂರು ಪ್ರತ್ಯೇಕ ಜಿಲ್ಲೆಯಾಗಿ ನಂದಿದುರ್ಗ ವಿಭಾಗದೊಳಗೆ ಬಂದಿತು.

ಜಿಲ್ಲೆಯಾದ ಮೇಲೆ ಜನರನ್ನು ಎಣಿಸಬೇಕಲ್ಲವೇ? 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಮೀರಿದ ಜನರಿದ್ದರು. 1881ರಲ್ಲಿ ಮತ್ತೆ ಎಣಿಸಿದಾಗ ಸಿಕ್ಕವರು ಸುಮಾರು 42 ಲಕ್ಷ. ನಡುವೆ ಬಂದದ್ದು 1876-78ರ ಮಹಾ ಕ್ಷಾಮ. ಮಳೆ ಕೈಕೊಟ್ಟಿತು, ಕೆರೆಗಳು ಬತ್ತಿದವು, ರಾಗಿಯ ಕಣಜಗಳು ಬರಿದಾದವು. ಹಸಿವು ಕೊಂಡೊಯ್ದವರಷ್ಟೇ ಜನರನ್ನು ಹಿಂದೆಯೇ ಬಂದ ರೋಗಗಳೂ ಕೊಂಡೊಯ್ದಿರಬೇಕು. ನಮ್ಮ ಜಿಲ್ಲೆಯೂ ಬಹಳ ನೊಂದಿತು. ಕಳೆದುಹೋದ ಸಂಖ್ಯೆಯನ್ನು ತುಂಬಿಕೊಳ್ಳಲು ಅದಕ್ಕೆ ದಶಕಗಳೇ ಬೇಕಾದವು. ಗಣತಿಯ ಪುಸ್ತಕದಲ್ಲಿ ಅದು ಕೇವಲ ಕಳೆಯುವ ಲೆಕ್ಕ. ಪ್ರತಿ ಅಂಕಿಯ ಹಿಂದೆಯೂ ಒಂದು ಒಲೆ ಆರಿತ್ತು.

ಇನ್ನು ನಮ್ಮ ಕಾಲಕ್ಕೆ ಬರೋಣ. 2001ರಲ್ಲಿ ಜಿಲ್ಲೆಯ ಜನಸಂಖ್ಯೆ 25,84,711, 2011ರಲ್ಲಿ 26,78,980. ಹತ್ತು ವರ್ಷಗಳಲ್ಲಿ ನೂರಕ್ಕೆ ನಾಲ್ಕೂ ಹೆಚ್ಚಲಿಲ್ಲ! ಇಡೀ ರಾಜ್ಯವೋ ನೂರಕ್ಕೆ ಹದಿನೈದಕ್ಕೂ ಮಿಕ್ಕಿ ಬೆಳೆದಿತ್ತು. ಕ್ಷಾಮವಿರಲಿಲ್ಲ, ಮಹಾಮಾರಿಯೂ ಇರಲಿಲ್ಲ. ಮನೆಗಳಲ್ಲಿ ಮಕ್ಕಳ ಸಂಖ್ಯೆ ತಗ್ಗಿದ್ದು ಒಂದು ಕಾರಣ. ಇನ್ನೊಂದನ್ನು ನೀವೇ ಬಲ್ಲಿರಿ: ಬೆಳಗಿನ ರೈಲು. ತುಮಕೂರು ನಗರ ಮೂರು ಲಕ್ಷವನ್ನು ದಾಟಿತು. ಆದರೆ ಹಳ್ಳಿಗಾಡಿನ ಒಟ್ಟು ಜನಸಂಖ್ಯೆ 20 ಲಕ್ಷದ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಗುಬ್ಬಿಯ ತೆಂಗು ಅಡಿಕೆ ತೋಟಗಳನ್ನು ಕಾಯುತ್ತಿರುವವರು ಹೆಚ್ಚಾಗಿ ವಯಸ್ಸಾದವರೇ. ಮಗ ಪೀಣ್ಯದಲ್ಲಿ, ಮಗಳು ಯಶವಂತಪುರದಲ್ಲಿ. ಸಭೆಯ ದಾಖಲೆ ಪುಸ್ತಕದಲ್ಲಿ ಅವರ ಹೆಸರು ಇನ್ನೂ ಇಲ್ಲಿಯೇ ಇದೆ, ಕ್ರಿಸ್ಮಸ್ಸಿಗೆ ಬೆಂಚುಗಳೂ ತುಂಬುತ್ತವೆ. ಜನವರಿಯಲ್ಲಿ ಬಂದು ನೋಡಿ.

ಕುಣಿಗಲ್ಲಿನ ಕಥೆ ಮತ್ತೂ ವಿಚಿತ್ರ. ಅದು ನಮ್ಮ ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಒಂದು. ಆದರೆ ಲೋಕಸಭೆಗೆ ಅಲ್ಲಿಯ ಮತದಾರರು ಆರಿಸುವುದು ಬೆಂಗಳೂರು ಗ್ರಾಮಾಂತರದ ಸದಸ್ಯರನ್ನು. ಶಿರಾ, ಪಾವಗಡಗಳ ಮತ ಚಿತ್ರದುರ್ಗಕ್ಕೆ. ಒಂದೇ ಜಿಲ್ಲೆ, ಮೂವರು ಸಂಸದರು! ಮಧುಗಿರಿಯನ್ನು ಬೇರೆ ಜಿಲ್ಲೆ ಮಾಡಬೇಕೆಂಬ ಬೇಡಿಕೆಯೂ ಬಹುಕಾಲದಿಂದ ಇದೆ. 2014ರಲ್ಲಿ ತುಮ್ಕೂರು ಅಧಿಕೃತವಾಗಿ ತುಮಕೂರು ಆದದ್ದು ಇವೆಲ್ಲಕ್ಕಿಂತ ಸುಲಭದ ಕೆಲಸವಾಗಿತ್ತೆನ್ನಿ.

2021ರಲ್ಲಿ ನಡೆಯಬೇಕಿದ್ದ ಗಣತಿಯನ್ನು ಕೊರೋನಾ ಮುಂದೂಡಿತು. ಜನರ ಎಣಿಕೆಗೆ 2027 ನಿಗದಿಯಾಗಿದೆ. ಎಣಿಸುವವರು ನಿಮ್ಮ ಮನೆಗೂ ಬರುವರು. ಬೆಂಗಳೂರಿನಲ್ಲಿ ವಾಸವಾಗಿರುವ ಮಗನನ್ನು ಅಲ್ಲಿಯೇ ಎಣಿಸುತ್ತಾರೆ, ಗುಬ್ಬಿಯ ಮನೆಯಲ್ಲಲ್ಲ. ಆ ದಿನ ಬಾಗಿಲು ತೆರೆದು ಉತ್ತರ ಹೇಳುವವರು ಬಹುಶಃ ಅಜ್ಜಿಯೊಬ್ಬರೇ.