ನಿನ್ನೆಯ ಕಾಂಕ್ರೀಟಿನ ಮೇಲೆ ನಿಂತವರು

ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಚಿಮಣಿಯನ್ನು ನೀವೆಲ್ಲ ರೈಲಿನ ಕಿಟಕಿಯಿಂದಲಾದರೂ ನೋಡಿರುತ್ತೀರಿ. ನಮ್ಮ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಆ ಬಯಲಲ್ಲಿ ಊರು ಕಾಣುವ ಮೊದಲೇ ಚಿಮಣಿ ಕಾಣುತ್ತದೆ. ಸಿವಿಲ್ ಓದಿ ಸಾಫ್ಟ್‌ವೇರ್ ಸೇರಿದ ಸಾವಿರಾರು ಜನರಲ್ಲಿ ನಾನೂ ಒಬ್ಬ. ಹಾಗಾಗಿ ಅದನ್ನು ನೋಡಿದಾಗಲೆಲ್ಲ ನನಗೆ ಬರುವ ಪ್ರಶ್ನೆ ಹೊಗೆಯದ್ದಲ್ಲ. ಇದನ್ನು ಕಟ್ಟುವಾಗ ಕೆಲಸದವರು ಎಲ್ಲಿ ನಿಂತಿದ್ದರು?

ಮೊದಲು ಎತ್ತರದ ಲೆಕ್ಕ ನೋಡೋಣ. 200 ಮೆಗಾವಾಟಿನಿಂದ 500ರ ಒಳಗಿನ ಘಟಕಕ್ಕೆ 220 ಮೀಟರ್, 500 ಮತ್ತು ಅದಕ್ಕೂ ದೊಡ್ಡದಕ್ಕೆ 275 ಮೀಟರ್ ಚಿಮಣಿ ಬೇಕು ಅನ್ನುವುದು 1980ರ ದಶಕದಿಂದ ನಮ್ಮ ದೇಶದಲ್ಲಿ ಬಂದ ನಿಯಮ. (ಹೊಗೆಯಿಂದ ಗಂಧಕ ತೆಗೆಯುವ ವ್ಯವಸ್ಥೆ ಇರುವ ಸ್ಥಾವರಗಳಿಗೆ 2018ರಲ್ಲಿ ಇದನ್ನು ಸಡಿಲಿಸಿದರು.) 220 ಮೀಟರ್ ಅಂದರೆ ಒಂದರ ಮೇಲೊಂದು ಮೂರು ಕುತುಬ್ ಮಿನಾರ್! ಹೊಗೆ ಮೇಲೆ ಹೋದಷ್ಟೂ ಚದುರಿ, ನೆಲಕ್ಕಿಳಿಯುವ ಹೊತ್ತಿಗೆ ತೆಳುವಾಗಿರುತ್ತದೆ ಎಂಬುದು ಇದರ ಹಿಂದಿನ ತರ್ಕ. ಹೊಗೆ ಮಾಯವಾಗುವುದಿಲ್ಲ, ದೂರದ ಊರಿಗೆ ಹೋಗುತ್ತದೆ ಅಷ್ಟೆ. ಆ ವಿಷಯ ಇನ್ನೊಂದು ದಿನ ಬರೆಯುತ್ತೇನೆ.

ಇಂಥ ಎತ್ತರಕ್ಕೆ ನೆಲದಿಂದ ಸಾರ್ವೆ ಕಟ್ಟಿಕೊಂಡು ಹೋಗಲು ಆಗುವುದಿಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು ವಿದ್ಯುತ್ ಸ್ಥಾವರದಲ್ಲಲ್ಲ, ಗೋಧಿ ಕಣಜದಲ್ಲಿ. ಅಮೆರಿಕದ ಮಿನಿಯಾಪೊಲಿಸ್ ಸುತ್ತಮುತ್ತ ಧಾನ್ಯದ ಕಣಜಗಳೆಲ್ಲ ಮರದವು, ಬೆಂಕಿಗೆ ತುತ್ತಾಗುತ್ತಿದ್ದವು. 1899ರಲ್ಲಿ ಫ್ರಾಂಕ್ ಪೀವಿ ಎಂಬ ಧಾನ್ಯ ವ್ಯಾಪಾರಿ ಮತ್ತು ಚಾರ್ಲ್ಸ್ ಹ್ಯಾಗ್ಲಿನ್ ಎಂಬ ಕಟ್ಟಡ ಗುತ್ತಿಗೆದಾರ ಸೇರಿ ಕಾಂಕ್ರೀಟಿನ ದುಂಡು ಕಣಜವೊಂದನ್ನು ಕಟ್ಟಲು ಹೊರಟರು. ಮರದ ಅಚ್ಚಿನೊಳಗೆ ಕಾಂಕ್ರೀಟ್ ಸುರಿಯುವುದು, ಅದು ಗಟ್ಟಿಯಾದ ಮೇಲೆ ಅದೇ ಅಚ್ಚನ್ನು ಮೇಲಕ್ಕೆ ಸರಿಸುವುದು, ಮತ್ತೆ ಸುರಿಯುವುದು. ಧಾನ್ಯ ತುಂಬಿ ಖಾಲಿ ಮಾಡುವಾಗ ಇದು ಒಡೆದುಹೋಗುತ್ತದೆ ಎಂದು ನಂಬಿದ್ದ ಜನ ಇದಕ್ಕೆ 'ಪೀವಿಯ ಹುಚ್ಚು' ಎಂದೇ ಹೆಸರಿಟ್ಟರು. ಒಡೆಯಲಿಲ್ಲ. ಸುಮಾರು 38 ಮೀಟರಿನ ಆ ಕಣಜ ಇಂದಿಗೂ ಅಲ್ಲೇ ನಿಂತಿದೆ.

ಆಮೇಲೆ ಅಚ್ಚನ್ನು ಬಿಟ್ಟು ಬಿಟ್ಟು ಎತ್ತುವ ಬದಲು ನಿಲ್ಲಿಸದೆ ಜಾರಿಸುವ ವಿಧಾನ ಬೆಳೆಯಿತು. ಇದೇ ಸ್ಲಿಪ್‌ಫಾರ್ಮ್. ಕಲ್ಲಿದ್ದಲು ಮತ್ತು ಹಾರುಬೂದಿ ತುಂಬಿಡುವ ಸೈಲೋಗಳು, ಎತ್ತರದ ಚಿಮಣಿಗಳು ಹೆಚ್ಚಾಗಿ ಕಟ್ಟಲ್ಪಟ್ಟಿದ್ದು ಹೀಗೆಯೇ. ಸುಮಾರು ಒಂದು ಮೀಟರ್ ಎತ್ತರದ ಅಚ್ಚು ಗೋಡೆಯ ಎರಡೂ ಬದಿ ಸುತ್ತುವರಿದಿರುತ್ತದೆ. ಗೋಡೆಯೊಳಗೇ ನಿಲ್ಲಿಸಿದ ಕಂಬಿಗಳನ್ನು ಹಿಡಿದು ಹೈಡ್ರಾಲಿಕ್ ಜಾಕುಗಳು ಏಣಿ ಹತ್ತಿದ ಹಾಗೆ ಹತ್ತುತ್ತವೆ. ಅಚ್ಚು, ಕೆಲಸದವರು ನಿಲ್ಲುವ ಅಟ್ಟ, ಕೆಳಗೆ ತೂಗುವ ಇನ್ನೊಂದು ಅಟ್ಟ, ಎಲ್ಲವೂ ಒಟ್ಟಿಗೆ ಮೇಲೇರುತ್ತವೆ. ಗಂಟೆಗೆ ಒಂದು ಗೇಣಿನಷ್ಟು, ಕೆಲವೊಮ್ಮೆ ಸ್ವಲ್ಪ ಹೆಚ್ಚು. ಹಗಲು ರಾತ್ರಿ ಪಾಳಿಯಲ್ಲಿ ಕೆಲಸ ನಡೆಯುತ್ತದೆ. ನಿಲ್ಲಿಸಿದರೆ ಕಾಂಕ್ರೀಟ್ ಅಚ್ಚಿಗೇ ಕಚ್ಚಿಕೊಳ್ಳುತ್ತದೆ.

ಈಗ ಗಮನಿಸಿ. ಅಚ್ಚಿನ ಕೆಳಗಿನಿಂದ ಹೊರಬರುವ ಕಾಂಕ್ರೀಟಿನ ವಯಸ್ಸು ಕೆಲವೇ ಗಂಟೆ! ಅವಸರಿಸಿದರೆ ಹಸಿ ಗೋಡೆ ಕುಸಿಯುತ್ತದೆ, ತಡಮಾಡಿದರೆ ಅಚ್ಚು ಗೋಡೆಯನ್ನೇ ಹರಿಯುತ್ತದೆ. ಅನುಭವಸ್ಥ ಮೇಸ್ತ್ರಿ ಒಂದು ಕಂಬಿಯನ್ನು ಹಸಿ ಕಾಂಕ್ರೀಟಿನೊಳಗೆ ಚುಚ್ಚಿ, ಗಟ್ಟಿ ಪದರ ಎಷ್ಟು ಆಳದಲ್ಲಿ ತಾಗುತ್ತದೆ ಎಂದು ನೋಡಿ ವೇಗ ಹೇಳುತ್ತಾನೆ. ಚಳಿ ಇದ್ದರೆ ಸಿಮೆಂಟು ನಿಧಾನ, ಸೆಕೆಯಿದ್ದರೆ ಬೇಗ. ಸಿಮೆಂಟಿಗೆ ಡೆಡ್‌ಲೈನ್ ಗೊತ್ತಿಲ್ಲ.

ಇದು ಗೊತ್ತಿದ್ದೂ ಮರೆತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲ್ಲೋ ಐಲೆಂಡ್ ಸಾಕ್ಷಿ. ಅಲ್ಲಿ ಓಹಿಯೋ ನದಿ ದಂಡೆಯ ಕಲ್ಲಿದ್ದಲು ಸ್ಥಾವರಕ್ಕೆ ಕೂಲಿಂಗ್ ಟವರ್, ಅಂದರೆ ನೀರು ತಣಿಸುವ ಗೋಪುರ, ಕಟ್ಟುತ್ತಿದ್ದರು. ಅಲ್ಲಿಯದು ಜಾರಿಸುವ ವಿಧಾನವಲ್ಲ, ಹ್ಯಾಗ್ಲಿನ್ನನ ಹಾಗೆ ಹಂತ ಹಂತ. ದಿನಕ್ಕೊಂದು ಸುತ್ತು, ಸುಮಾರು 1.5 ಮೀಟರ್. ಕೆಲಸದವರ ಅಟ್ಟಣಿಗೆ ನೆಲಕ್ಕೆ ಆತಿರಲಿಲ್ಲ, ಗೋಪುರದ ಗೋಡೆಗೇ ಬೋಲ್ಟು ಹಾಕಿ ಸಿಕ್ಕಿಸಿತ್ತು. 1978ರ ಏಪ್ರಿಲ್ 27ರ ಬೆಳಿಗ್ಗೆ 29ನೇ ಸುತ್ತಿಗೆ ಕಾಂಕ್ರೀಟ್ ಏರಿಸುತ್ತಿದ್ದಾಗ, ಹಿಂದಿನ ದಿನ ಹಾಕಿದ್ದ 28ನೇ ಸುತ್ತು ಕಿತ್ತುಬಂತು. ಅಂಚಿನ ಸುತ್ತಲೂ ಅಟ್ಟಣಿಗೆ ಒಂದೊಂದೇ ತುಂಡಾಗಿ ಕಳಚಿ, 50 ಮೀಟರ್ ಕೆಳಗೆ ಬಿತ್ತು. ಮೇಲಿದ್ದ 51 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಒಂದೇ ಮನೆತನದ ಹಲವರು ಅದರಲ್ಲಿದ್ದರು.

ತನಿಖೆ ಮಾಡಿದ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಹೇಳಿದ್ದು ಇಷ್ಟು: ಹಿಂದಿನ ರಾತ್ರಿ ಚಳಿಯಿತ್ತು, ಕಾಂಕ್ರೀಟ್ ಭಾರ ಹೊರುವಷ್ಟು ಬಲಿತಿರಲಿಲ್ಲ, ಅದರ ಮೇಲೆ ಭಾರ ಹೇರಲಾಯಿತು. ನಕ್ಷೆಯಲ್ಲಿ ನಿಗೂಢ ದೋಷವೇನೂ ಸಿಗಲಿಲ್ಲ. ಅದೇ ಗೋಡೆ ಇನ್ನೊಂದಷ್ಟು ಹೊತ್ತು ಕಾದಿದ್ದರೆ ಹೊರುತ್ತಿತ್ತು.

ನಮ್ಮಲ್ಲೂ ಆಗಿದೆ. ಛತ್ತೀಸ್‌ಗಢದ ಕೊರ್ಬಾದಲ್ಲಿ ಬಾಲ್ಕೋ ವಿದ್ಯುತ್ ಸ್ಥಾವರಕ್ಕಾಗಿ 275 ಮೀಟರಿನ ಚಿಮಣಿ ಕಟ್ಟುತ್ತಿದ್ದರು. 2009ರ ಸೆಪ್ಟೆಂಬರ್ 23ರಂದು, ಗುಡುಗು ಮಳೆಯ ನಡುವೆ, ಅದು ಕುಸಿದುಬಿತ್ತು. ಮಳೆಗೆ ಕೆಳಗಿನ ಉಗ್ರಾಣದಲ್ಲಿ ಆಸರೆ ಪಡೆದಿದ್ದವರ ಮೇಲೇ ಬಿತ್ತು. ಸತ್ತವರು 40ಕ್ಕೂ ಹೆಚ್ಚು. ಬಹಳಷ್ಟು ಮಂದಿ ಹೊರರಾಜ್ಯಗಳಿಂದ ಕೂಲಿಗೆ ಬಂದವರು. ಇಲ್ಲಿಯ ಕಥೆ ವಿಲ್ಲೋ ಐಲೆಂಡಿನದೇ ಅಲ್ಲ. ಸಿಡಿಲಿನ ಮಾತು ಬಂತು, ಕಾಂಕ್ರೀಟಿನ ಗುಣಮಟ್ಟದ ಪ್ರಶ್ನೆ ಎದ್ದಿತು, ನ್ಯಾಯಾಂಗ ಆಯೋಗ ಕೂತಿತು. ಆದರೆ ನೆನಪಿನ ವಿಷಯದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ವಿಲ್ಲೋ ಐಲೆಂಡಿನ ವರದಿಯನ್ನು ಸಿವಿಲ್ ಓದುವವರು ಪಾಠವಾಗಿ ಓದುತ್ತಾರೆ. ಕೊರ್ಬಾದ ಬಗ್ಗೆ ನಾಲ್ಕು ವರ್ಷದ ನನ್ನ ಓದಿನಲ್ಲಿ ಒಂದು ಸಾಲೂ ಬರಲಿಲ್ಲ.

ನಾವು ಬರೆಯುವ ಕೋಡ್ ಅರೆಬೆಂದಿದ್ದರೂ ಬಿಡುಗಡೆ ಮಾಡಿ, ಆಮೇಲೆ ಪ್ಯಾಚ್ ಹಾಕುತ್ತೇವೆ. ಚಿಮಣಿಯ ಮೇಲಿನವರಿಗೆ ಆ ಅನುಕೂಲವಿಲ್ಲ. ಅವರು ನಿಲ್ಲುವುದೇ ನಿನ್ನೆ ತಾವೇ ಸುರಿದದ್ದರ ಮೇಲೆ. 'ಇವತ್ತು ಬೇಡ, ಇನ್ನೂ ಬಲಿತಿಲ್ಲ' ಎಂದು ಹೇಳುವ ಅಧಿಕಾರ ಅಲ್ಲಿ ನಿಂತವನಿಗೆ ಇರಬೇಕು. ಕೆಳಗೆ ಆಫೀಸಿನಲ್ಲಿ ಕೂತು ಚಾರ್ಟು ನೋಡುವವನಿಗೆ ಮಾತ್ರ ಇದ್ದರೆ ಸಾಲದು ಅನ್ನುವುದು ನನ್ನ ಅನಿಸಿಕೆ.

ಸ್ಥಾವರಗಳ ಕಡೆಯವರು, ಇಂಥ ಕಡೆ ಕೆಲಸ ಮಾಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನಿಮ್ಮ ಬ್ಲಾಗಿನಲ್ಲೂ ಬರೆಯಿರಿ. ಚಿಮಣಿ ಉದ್ಘಾಟಿಸಿದವರ ಹೆಸರು ಕಲ್ಲಿನಲ್ಲಿರುತ್ತದೆ. ಕಟ್ಟಿದವರ ಹೆಸರು ಕನ್ನಡದಲ್ಲಿ ಎಲ್ಲಾದರೂ ಇರಲಿ.