ವಿಂಡ್‌ಸ್ಕೇಲಿನ ಕಿಚ್ಚು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯು ನಮ್ಮಲ್ಲಿ ಪ್ರಸಿದ್ಧವಾದುದು. ಬಾವಿಯನ್ನು ಮುಂಚಿತವಾಗಿಯೇ ತೋಡಿಸಿ ನಗೆಗೀಡಾದವರ ಪ್ರಸಂಗವೊಂದು ಪರಮಾಣು ಸ್ಥಾವರಗಳ ಚರಿತ್ರೆಯಲ್ಲುಂಟು.

ಇಂಗ್ಲೆಂಡಿನ ವಾಯವ್ಯ ಕರಾವಳಿಯ ವಿಂಡ್‌ಸ್ಕೇಲಿನಲ್ಲಿ 1950-51ರಲ್ಲಿ ಎರಡು ಸ್ಥಾವರಗಳು ಕೆಲಸಕ್ಕೆ ತೊಡಗಿದುವು. ಅಣುಬಾಂಬಿಗೆ ಬೇಕಾದ ಪ್ಲುಟೋನಿಯಮನ್ನು ಪಡೆಯುವುದೇ ಇವುಗಳ ಉದ್ದೇಶವು. ಗ್ರಾಫೈಟಿನ ರಾಶಿಯಲ್ಲಿ ಕೊರೆದ ನಾಳಗಳೊಳಗೆ ಯುರೇನಿಯಮನ್ನಿರಿಸಿ, ಅದರ ಶಾಖವನ್ನು ಬೀಸುಗಾಳಿಯಿಂದ ತಗ್ಗಿಸಿ, ಆ ಗಾಳಿಯನ್ನು ಸುಮಾರು 400 ಅಡಿ ಎತ್ತರದ ಹೊಗೆಗೊಳವೆಗಳ ಮೂಲಕ ಆಕಾಶಕ್ಕೆ ಬಿಡುತ್ತಿದ್ದರು. ಕೊಳವೆಗಳ ಕಟ್ಟಡವು ನಡೆಯುತ್ತಿರುವಾಗಲೇ ಸರ್ ಜಾನ್ ಕಾಕ್‌ಕ್ರಾಫ್ಟರು ಅವುಗಳಿಗೆ ಶೋಧಕಗಳು ಬೇಕೇಬೇಕೆಂದು ಹಟ ಹಿಡಿದರು. ತಳದಲ್ಲಿರಿಸುವ ಕಾಲವು ಮೀರಿದ್ದುದರಿಂದ ತುದಿಯಲ್ಲಿಯೇ ಕಟ್ಟಬೇಕಾಯಿತು. ಜನರು ಅದನ್ನು ಕಾಕ್‌ಕ್ರಾಫ್ಟರ ಹುಚ್ಚೆಂದು ಕರೆದು ನಕ್ಕರು.

ಗ್ರಾಫೈಟಿಗೆ ಒಂದು ವಿಲಕ್ಷಣ ಗುಣವುಂಟು. ನ್ಯೂಟ್ರಾನುಗಳ ಹೊಡೆತದಿಂದ ಅದರ ಪರಮಾಣುಗಳು ಸ್ಥಾನ ತಪ್ಪಿ, ಒಳಗೊಳಗೆ ಶಕ್ತಿಯು ಕೂಡುತ್ತ ಹೋಗುವುದು. ಆಗಾಗ ಸ್ಥಾವರವನ್ನು ಕಾಯಿಸಿ ಈ ಶಕ್ತಿಯನ್ನು ಬಿಡಿಸಬೇಕಾಗಿದ್ದಿತು. 1957ರ ಅಕ್ಟೋಬರ್ 7ರಂದು ಒಂದನೆಯ ಸ್ಥಾವರದಲ್ಲಿ ಈ ಕ್ರಿಯೆಯನ್ನು ಆರಂಭಿಸಿದರು. ಆದರೆ ಉಷ್ಣಮಾಪಕಗಳನ್ನು ನಿತ್ಯದ ನಡೆಗೆ ತಕ್ಕಂತೆ ಇರಿಸಿದ್ದರೇ ಹೊರತು ಈ ಕ್ರಿಯೆಗೆ ತಕ್ಕಂತಲ್ಲ. ಆದುದರಿಂದ ಅತ್ಯಂತ ಕಾದ ಭಾಗವು ಅವುಗಳಿಗೆ ಗೋಚರವಾಗಲಿಲ್ಲ. ಶಾಖವು ಸಾಲದೆಂದು ಬಗೆದು ಮರುದಿನ ಮತ್ತೆ ಕಾಯಿಸಿದರು. 10ನೆಯ ತಾರೀಖು ತೆರೆದು ನೋಡಲಾಗಿ ಯುರೇನಿಯಮೇ ಕೆಂಡವಾಗಿದ್ದಿತು. ಇಂಗಾಲಾಮ್ಲವಾಯುವಿಗೆ ಅದು ಬಗ್ಗಲಿಲ್ಲ. ಸ್ಫೋಟವಾದೀತೆಂಬ ಭಯವಿದ್ದರೂ 11ರ ಬೆಳಗ್ಗೆ ನೀರನ್ನು ಸುರಿಸಿದರು. ಅದೂ ಸಾಲದೆ, ಟಾಮ್ ಟೂಯಿಯವರು ಬೀಸುಗಾಳಿಯನ್ನೇ ನಿಲ್ಲಿಸಿದ ಮೇಲೆ ಉರಿಯು ಉಡುಗಿತು.

ನಗೆಗೀಡಾದ ಶೋಧಕಗಳು ವಿಷಧೂಳಿನ ಬಹುಪಾಲನ್ನು ತಡೆದುವು. ಆದರೆ ಅಯೊಡಿನ್ ಆವಿಯು ನುಸುಳಿ ಹುಲ್ಲಿಗಿಳಿಯಿತು. ಹುಲ್ಲಿನಿಂದ ಹಾಲಿಗೆ ಬಂದಿತು. ಮಕ್ಕಳ ಕೊರಳಗ್ರಂಥಿಗೆ ಕೇಡಾದೀತೆಂದು ಸುಮಾರು 200 ಚದರ ಮೈಲಿಗಳ ಹಾಲನ್ನು ಚೆಲ್ಲಿಸಿದರು.

ಹತ್ತು ವರ್ಷಗಳ ತರುವಾಯ, 1967ರಲ್ಲಿ, ಬ್ರಿಟನ್ನಿನ ಎಫ್. ಆರ್. ಫಾರ್ಮರರು ಹೊಸ ತೂಕವೊಂದನ್ನು ಮುಂದಿಟ್ಟರು. ಅತಿ ಘೋರವಾದ ಅಪಘಾತವೊಂದನ್ನೇ ಕಲ್ಪಿಸಿಕೊಂಡರೆ ಸಾಲದು. ಒಂದೊಂದು ಅಪಘಾತವೂ ಎಷ್ಟು ವರ್ಷಗಳಿಗೊಮ್ಮೆ ಸಂಭವಿಸೀತು, ಆಗ ಎಷ್ಟು ಅಯೊಡಿನ್ ಹೊರಬಿದ್ದೀತು, ಎಂಬೆರಡನ್ನೂ ಕೂಡಿಸಿ ನೋಡಬೇಕೆಂದರು. 1975ರಲ್ಲಿ ಅಮೆರಿಕದ ರಾಸ್ಮುಸೆನ್ನರ ವರದಿಯು ಈ ಮಾರ್ಗವನ್ನು ವಿಸ್ತರಿಸಿ, ಸಣ್ಣ ಸೋರಿಕೆಯನ್ನೂ ಮನುಷ್ಯನ ತಪ್ಪನ್ನೂ ಅಲಕ್ಷಿಸಬಾರದೆಂದಿತು. 1979ರಲ್ಲಿ ಥ್ರೀ ಮೈಲ್ ಐಲೆಂಡಿನಲ್ಲಿ ಒಂದು ಕವಾಟವು ಮುಚ್ಚದೆ ನಿಂತು ಆ ಮಾತು ದಿಟವಾಯಿತು.

ಲೆಕ್ಕವು ಬೇಕು, ನಿಜ. ಆದರೆ ಮಾಪಕವನ್ನು ಇರಿಸದ ಕಡೆಯ ಶಾಖವು ಯಾವ ಲೆಕ್ಕಕ್ಕೂ ಬಾರದು. ವಿಂಡ್‌ಸ್ಕೇಲು ಕಲಿಸಿದ ಪಾಠವಿದು.